ಹಿಮನದಿಯ ಮುಂದೆ ಲಿಯೋಟಾ ಪಿಸುಗುಟ್ಟಿದ್ದು

ನಮ್ಮ ಕೊಲ್ಲಿಯ ಹಿಮನದಿ ಎಷ್ಟು ಹಿಂದೆ ಸರಿಯಿತೆಂದು ಅಳೆಯುವುದಕ್ಕೆ ಪ್ರತಿ ಬೇಸಿಗೆಯಲ್ಲೂ ವಿಜ್ಞಾನಿಗಳು ಬರುತ್ತಾರೆ. ಗಾಳಿ ಬಿಸಿಯಾಯಿತು, ಕಡಲು ಬಿಸಿಯಾಯಿತು ಎಂದು ಬರೆದುಕೊಂಡು ಹೋಗುತ್ತಾರೆ. ನಮ್ಮನ್ನು ಯಾರೂ ಕೇಳುವುದಿಲ್ಲ. ಕೇಳಿದ್ದರೆ ನಿಜ ಹೇಳುತ್ತಿದ್ದೆವು: ಅದು ಹಿಂದೆ ಸರಿಯುತ್ತಿರುವುದು ಲಿಯೋಟಾ ಸ್ಯಾಮ್ಸನ್‌ಗೆ ಹೆದರಿ.

ಲಿಯೋಟಾ ಹುಟ್ಟಿದ್ದು ಮೀನು ಡಬ್ಬಿ ಕಾರ್ಖಾನೆಯ ಕೂಲಿಮನೆಯಲ್ಲಿ. ಮಗುವಿನ ಮೊದಲ ಅಳುವಿಗೆ ಕಾರ್ಖಾನೆಯವರು ಊಟದ ಸೈರನ್ ಕೂಗಿತೆಂದುಕೊಂಡು ಕೆಲಸ ಬಿಟ್ಟು ಎದ್ದರಂತೆ. ಬೆಳೆದ ಮೇಲೆ ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದಳು. ಒಮ್ಮೆ ರಸ್ತೆಗೆ ಅಡ್ಡ ನಿಂತ ಕಂದುಕರಡಿಗೆ ಕಿಟಕಿ ಇಳಿಸಿ ನಾಲ್ಕು ಮಾತು ಹೇಳಿದಳು. ಆ ಕರಡಿ ಮೀನು ತಿನ್ನುವುದನ್ನೇ ಬಿಟ್ಟು ಬೆಟ್ಟದ ಮೇಲೆ ಬೆರ್ರಿ ಹಣ್ಣು ತಿಂದುಕೊಂಡು ಸನ್ಯಾಸಿಯಂತೆ ಬದುಕುತ್ತಿದೆ. ನೋಡಿದವರಿದ್ದಾರೆ.

ಅವಳ ಅಣ್ಣ ಎಮರಿ ಅವಳಿಗೆ ಪೂರಾ ತದ್ವಿರುದ್ಧ, ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು. ಸೀಲ್ ಬೇಟೆಯಲ್ಲಿ ಅವನನ್ನು ಮೀರಿಸಿದವರು ನಮ್ಮ ಕಾಲದಲ್ಲಿ ಯಾರೂ ಇರಲಿಲ್ಲ. ಲಿಯೋಟಾ ಹನ್ನೊಂದನೆಯ ವಯಸ್ಸಿನಿಂದ ಅವನ ದೋಣಿಯ ಹಿಂತುದಿಯಲ್ಲಿ ಕೂತು ಹುಟ್ಟು ಹಾಕಿದವಳು. ಬಸ್ಸಿಗೆ ರಜೆಯೆಂದರೆ ದೋಣಿ. ಎಮರಿ ಮದುವೆಯಾದದ್ದು ನನ್ನ ತಂಗಿಯನ್ನು. ಆ ಲೆಕ್ಕದಲ್ಲಿ ಲಿಯೋಟಾ ನನ್ನನ್ನು ಭಾವ ಎನ್ನುತ್ತಾಳೆ, ಭಾವನನ್ನು ಆಡಿಕೊಳ್ಳುವ ಹಕ್ಕನ್ನು ನಲವತ್ತು ವರ್ಷದಿಂದ ಒಂದು ದಿನವೂ ಬಿಡದೆ ಚಲಾಯಿಸಿದ್ದಾಳೆ.

ಇಂಥ ಹೆಂಗಸು ಬಾಯಿ ಮುಚ್ಚುವ ಜಾಗ ಭೂಮಿಯ ಮೇಲೆ ಒಂದೇ. ಕೊಲ್ಲಿಯೊಳಗೆ ಕರಿಬಂಡೆ ದಾಟಿದ ಮೇಲೆ ಹಿಮನದಿ ಎದುರಾಗುತ್ತದೆ. ಅದಕ್ಕೆ ಕಿವಿಯಿದೆ. ಅದರ ಮುಂದೆ ಕೂಗಬಾರದು, ಬೈಯಬಾರದು, ಜಂಬ ಕೊಚ್ಚಬಾರದು. ನಮ್ಮ ಅಜ್ಜಿಯರು ಹೇಳಿದ್ದು, ಅವರ ಅಜ್ಜಿಯರು ಅನುಭವಿಸಿ ಕಲಿತದ್ದು. ಕರಿಬಂಡೆ ದಾಟಿದರೆ ಲಿಯೋಟಾ ಕೂಡ ಪಿಸುಗುಟ್ಟುತ್ತಾಳೆ.

ಹೋದ ವರ್ಷದ ಅಕ್ಟೋಬರಿನಲ್ಲಿ ಎಮರಿ ತೀರಿಕೊಂಡ. ವರ್ಷ ತುಂಬಿದಾಗ ಸತ್ತವರ ಪಂಗಡದವರು ಎದುರು ಪಂಗಡವನ್ನು ಕರೆದು ಊಟ ಹಾಕಬೇಕು. ಎಮರಿ, ಲಿಯೋಟಾ ಹದ್ದಿನ ಪಂಗಡದವರು, ನಾವು ಕಾಗೆಯವರು. ಕಾಗೆಯವರಾದ ನಾವು ಉಂಡದ್ದು ಎಮರಿಗೆ ಮುಟ್ಟುತ್ತದೆ. ಅವನಿಗೆ ಇಷ್ಟವಾದದ್ದನ್ನು ಬಡಿಸದಿದ್ದರೆ ಅವನು ಆ ಕಡೆ ಹಸಿದು ಕೂರುತ್ತಾನೆ. ಎಮರಿಗೆ ಇಷ್ಟವಾದದ್ದು ಒಂದೇ: ಹಿಮನದಿಯ ಬುಡದ ಮಂಜುಗಡ್ಡೆಯ ಮೇಲೆ ಹೊಡೆದ ಸೀಲ್, ಕೊಬ್ಬಿನ ಸಮೇತ.

ಊಟ ಅಕ್ಟೋಬರಿನ ಮೊದಲ ಶನಿವಾರಕ್ಕೆ ನಿಗದಿಯಾಯಿತು. ಒಣಮೀನು ಇತ್ತು, ಹೆರಿಂಗ್ ಮೀನಿನ ಮೊಟ್ಟೆ ಇತ್ತು, ಹಣ್ಣು ಇತ್ತು, ಹಂಚುವುದಕ್ಕೆ ಕಂಬಳಿ ರಾಶಿ ಬಿದ್ದಿತ್ತು. ಸೀಲ್ ಮಾತ್ರ ಇರಲಿಲ್ಲ. ಊರಿನ ಬೇಟೆಗಾರರೆಲ್ಲ ಈ ವರ್ಷ ಬರಿಗೈಯಲ್ಲಿ ಬಂದಿದ್ದರು.

ಕಾರಣ ಬಿಳಿ ಬಣ್ಣದ್ದು, ಹನ್ನೆರಡು ಅಂತಸ್ತಿನದು, ಪ್ರವಾಸಿಗರ ಹಡಗು. ನಮ್ಮೂರಲ್ಲಿ ನಿಲ್ಲುವುದಿಲ್ಲ, ನೋಡಿಕೊಂಡು ಹೋಗುವುದಕ್ಕೆ ಬರುತ್ತದೆ. ಅದರಲ್ಲಿ ಐಸ್‌ಕ್ರೀಮ್ ಹಂಚುವವರೇ ನಮ್ಮೂರಿನ ಜನಸಂಖ್ಯೆಗಿಂತ ಹೆಚ್ಚು. ಹಿಮನದಿಯ ಮುಂದೆ ನಿಂತು, ಎರಡೂ ಬದಿಯವರಿಗೆ ಚೆನ್ನಾಗಿ ಕಾಣಲೆಂದು ಗಾಣದೆತ್ತಿನ ಹಾಗೆ ನಿಂತಲ್ಲೇ ಸುತ್ತುತ್ತದೆ. ಆಮೇಲೆ ಪ್ರತಿಧ್ವನಿ ಕೇಳುವ ಆಸೆಗೆ ಒಮ್ಮೆ ಕೂಗು ಹಾಕುತ್ತದೆ. ಗಡ್ಡೆಗಳ ಮೇಲೆ ಮಲಗಿದ್ದ ಸೀಲ್‌ಗಳೆಲ್ಲ ನೀರಿಗೆ. ದೂರವಿರಬೇಕೆಂದು ನಿಯಮವಿದೆ. ನಿಯಮ ಕಾಗದದ ಮೇಲಿದೆ, ಕಾಗದ ಕಚೇರಿಯಲ್ಲಿದೆ, ಕಚೇರಿ ಆರುನೂರು ಮೈಲಿ ಆಚೆ ಇದೆ.

ಎರಡು ವರ್ಷದ ಹಿಂದೆ ಹಡಗಿನ ಕಂಪನಿಯವನೊಬ್ಬ ಟೈ ಕಟ್ಟಿಕೊಂಡು ನಮ್ಮ ಸಭಾಮನೆಗೆ ಬಂದಿದ್ದ. ಆ ಜೂನಿನಲ್ಲಿ ಹಡಗಿನ ಕೂಗಿಗೆ ಬೆದರಿ ತಾಯಿ ಸೀಲ್ ಒಂದು ಗಡ್ಡೆ, ಮರಿ ಒಂದು ಗಡ್ಡೆ ಆಗಿ ತೇಲಿಹೋದವು ಎಷ್ಟು ಎಂದು ತಾನು ಎಣಿಸಿ ಬರೆದಿಟ್ಟಿದ್ದನ್ನು ಎಮರಿ ಎದ್ದು ಓದಿದ. ಅವನ ಬಾಯಿಂದ ಅಷ್ಟು ಮಾತು ಒಟ್ಟಿಗೆ ಬಂದದ್ದು ಅದೊಂದೇ ಸಲ. ಟೈನವನು ನಕ್ಕು, ಸೀಲ್‌ಗಳು ಹಡಗು ಬಂದಾಗ ತಾವಾಗಿಯೇ ಈಜಲು ಹೋಗುತ್ತವೆ ಎಂದ.

"ನಿಮ್ಮನೆ ಗೋಡೆ ಒಡ್ಕೊಂಡು ಲಾರಿ ನುಗ್ಗಿದ್ರೆ ನೀವೂ ತಾವಾಗಿಯೇ ಕಿಟಕಿಯಿಂದ ವಾಕಿಂಗ್ ಹೋಗ್ತೀರಾ ಸ್ವಾಮಿ?" ಎಂದು ಲಿಯೋಟಾ ಎದ್ದಳು. ಆಮೇಲೆ ಅವಳು ಹೇಳಿದ್ದನ್ನು ಅಚ್ಚು ಹಾಕಿದರೆ ಕಾಗದ ಹೊತ್ತಿಕೊಳ್ಳುತ್ತದೆ. ಟೈನವನ ವಿಮಾನ ಅವನು ಹತ್ತುವುದಕ್ಕೆ ಮೊದಲೇ ಹೆದರಿ ಹಾರಿತು.

ಸೆಪ್ಟೆಂಬರಿನಲ್ಲಿ ಲಿಯೋಟಾ ಅಣ್ಣನ ಕೋವಿ ಕೈಗೆ ತೆಗೆದುಕೊಂಡಳು. ಅವಳ ಹಳೆಯ ಜಾಗದಲ್ಲಿ, ದೋಣಿಯ ಹಿಂತುದಿಯಲ್ಲಿ, ನನ್ನನ್ನು ಕೂರಿಸಿದಳು.

"ನಾನು ಉಣ್ಣೋ ಅತಿಥಿ ಕಣೇ," ಎಂದೆ. "ಅತಿಥಿ ಕೈಲಿ ಹುಟ್ಟು ಹಾಕಿಸ್ತಾರಾ?"

"ಭಾವ, ನೀನು ಉಣ್ಣೋ ಪ್ರಮಾಣಕ್ಕೆ ಈಗಿಂದ್ಲೇ ಹಸಿವು ಮಾಡ್ಕೋಬೇಕು. ಕೂತ್ಕೋ."

ಮೂರು ಸಲ ಹೋದೆವು, ಮೂರು ಸಲವೂ ಹಡಗು ನಮಗಿಂತ ಮೊದಲು ಅಲ್ಲಿತ್ತು. ನಾಲ್ಕನೆಯದು ಕಡೆಯದು. ಮಾರನೆಯ ದಿನದಿಂದ ಹತ್ತು ದಿನ ಬಿರುಗಾಳಿಯೆಂದು ರೇಡಿಯೋ ಹೇಳಿತ್ತು, ಶನಿವಾರಕ್ಕೆ ಒಂಬತ್ತೇ ದಿನವಿತ್ತು.

ಬೆಳಕು ಹರಿಯುವ ಹೊತ್ತಿಗೆ ಕರಿಬಂಡೆ ದಾಟಿದೆವು. ಮೋಟಾರು ನಿಲ್ಲಿಸಿ, ದೋಣಿಯ ಮುಂಭಾಗಕ್ಕೆ ಬಿಳಿಯ ಹಾಸಿಗೆ ಬಟ್ಟೆ ಹೊದಿಸಿದೆವು. ದೂರದಿಂದ ನೋಡಿದರೆ ನಾವೂ ಒಂದು ಮಂಜುಗಡ್ಡೆ. ಕೋಟಿನ ಮೇಲೆ ಲಿಯೋಟಾ ತನ್ನ ಬಿಳಿಯ ರಾತ್ರಿಯಂಗಿ ಹಾಕಿಕೊಂಡಳು. ತಲೆಗೆ ಹಾಕಿಕೊಳ್ಳಲು ನನಗೆ ದಿಂಬಿನ ಚೀಲ ಕೊಟ್ಟಳು. ಅದರ ಮೇಲೆ ನೀಲಿ ಹೂವಿತ್ತು.

"ಹೂವಿರೋ ಮಂಜುಗಡ್ಡೆ ಯಾವ ಸೀಲ್ ನೋಡಿದೆ ಹೇಳು?" ಎಂದು ಪಿಸುಗುಟ್ಟಿದೆ.

"ನಿನ್ನ ಮುಖ ನೋಡೋದಕ್ಕಿಂತ ಅದೇ ವಾಸಿ."

ಒಂದು ಗಡ್ಡೆಯ ಮೇಲೆ ಆರು ಸೀಲ್ ಮಲಗಿದ್ದವು. ಹುಟ್ಟು ನೀರಿಗೆ ತಾಗುವ ಸದ್ದೂ ಕೇಳದ ಹಾಗೆ ಮುಂದೆ ಸರಿದೆವು. ಇನ್ನೂರು ಮಾರು ಉಳಿದಿತ್ತು. ಆಗ ಬೆನ್ನ ಹಿಂದೆ ಗುಡುಗು ಶುರುವಾಯಿತು, ಎದೆಯೊಳಗೆ ಮೊದಲು, ಕಿವಿಗೆ ಆಮೇಲೆ. ಬಂಡೆಯ ತಿರುವಿನಲ್ಲಿ ಆ ಹನ್ನೆರಡಂತಸ್ತು ಬಂದು ನಿಂತು, ಉದ್ದಕ್ಕೆ ಕೂಗು ಹಾಕಿತು. ಆರೂ ಸೀಲ್ ನೀರಿಗೆ ಜಾರಿದವು.

ನಾನು ಲಿಯೋಟಾಳ ಮುಖ ನೋಡಿದೆ. ನೋಡಬಾರದಿತ್ತು. ಕೂಗಲಾಗದ ಸಿಟ್ಟು ಒಳಗೇ ಕುದಿದು ಅವಳ ಕಿವಿಯಿಂದ ಆವಿ ಬರುತ್ತಿತ್ತು. ಚಳಿ ಇತ್ತು, ಆದರೂ ಅದು ಉಸಿರಲ್ಲ, ಆವಿಯೇ. ನನ್ನತ್ತ ತಿರುಗಿ, "ದೋಣಿ ತಿರುಗ್ಸು. ಅದರ ಮುಂದೆ," ಎಂದಳು.

"ಲಿಯೋಟಾ, ಮಾರಾಯ್ತಿ, ಅದು ಹಡಗು."

"ನಂಗೆ ಕಣ್ಣಿದೆ."

ಹಡಗಿಗೂ ಗಡ್ಡೆಗಳಿಗೂ ನಡುವೆ ಹೋಗಿ ನಿಂತೆವು, ಆನೆಯ ದಾರಿಗೆ ಅಡ್ಡ ನಿಂತ ಕಡಲೆಕಾಳಿನ ಹಾಗೆ. ಅವಳು ರೇಡಿಯೋ ತೆಗೆದುಕೊಂಡು ಹಡಗನ್ನು ಕರೆದಳು. ಉತ್ತರ ಕೊಟ್ಟವನು ಕ್ಲೈಡ್. ನಮ್ಮೂರಿನ ಹುಡುಗನೇ, ಈಗ ನಲವತ್ತೆಂಟು ವರ್ಷ, ಹೊರಗಿನ ಹಡಗುಗಳಿಗೆ ಇಲ್ಲಿನ ನೀರಿನ ದಾರಿ ತೋರಿಸುವ ಪೈಲಟ್.

"ಯಾರು ಮಾತಾಡ್ತಿರೋದು? ಜೋರಾಗಿ ಹೇಳಿ, ಕೇಳಿಸ್ತಿಲ್ಲ."

"ಇದು ಜೋರಾಗಿ ಮಾತಾಡೋ ಜಾಗ ಅಲ್ಲ ಅಂತ ನಿಮ್ಮಜ್ಜಿ ಹೇಳ್ಕೊಡ್ಲಿಲ್ವೇನೋ ಕ್ಲೈಡ್? ನೀನೇ ಕಿವಿ ಜೋರು ಮಾಡು."

"ಲಿಯೋಟಾ ಅತ್ತೆ?"

"ನಿಲ್ಸು ಅದನ್ನ."

"ನಾನು ದಾರಿ ತೋರ್ಸೋನು ಅಷ್ಟೆ ಅತ್ತೆ. ಕ್ಯಾಪ್ಟನ್ನು..."

"ನಾಲ್ಕನೇ ಕ್ಲಾಸಲ್ಲಿದ್ದಾಗ ಬಸ್ಸಿನ ಹಿಂದಿನ ಸೀಟಲ್ಲಿ ನೀನೇನು ಮಾಡ್ದೆ ಅಂತ ಹೇಳ್ಲಾ? ಈ ಚಾನೆಲ್ ಕರಾವಳಿಯ ಎಲ್ಲಾ ದೋಣಿಯವರೂ ಕೇಳ್ತಾರೆ."

ಹಡಗು ನಿಂತಿತು. ಕ್ಲೈಡ್ ಕ್ಯಾಪ್ಟನ್ನನಿಗೆ ಏನೆಂದು ವಿವರಿಸಿದನೋ ಗೊತ್ತಿಲ್ಲ. ಚಿಕ್ಕ ದೋಣಿಯನ್ನು ಮೆಟ್ಟಿ ಹೋಗುವ ಹಾಗಿಲ್ಲ ಎಂಬ ನಿಯಮವೂ ಇದೆಯಲ್ಲ, ಅದು ಕಚೇರಿಯಿಂದ ಈಚೆಗೂ ನಡೆಯುತ್ತದೆ. ಅರ್ಧ ಮೈಲಿ ದೂರದಲ್ಲಿ ಎಂಜಿನ್ನಿನ ಸದ್ದು ಇಳಿಯಿತು. ಆದರೆ ಧ್ವನಿವರ್ಧಕ ನಿಲ್ಲಲಿಲ್ಲ. ಸಕ್ಕರೆಪಾಕದಂಥ ಗಂಡುದನಿಯೊಂದು ಕೊಲ್ಲಿಯ ತುಂಬ ಹರಿಯಿತು: "ನಿಮ್ಮ ಎಡಗಡೆ ನೋಡಿ! ಸ್ಥಳೀಯ ಬುಡಕಟ್ಟಿನ ಹಿರಿಯರು ತಮ್ಮ ಪವಿತ್ರವಾದ ಬಿಳಿಯ ಉಡುಪಿನಲ್ಲಿ ನಮ್ಮನ್ನು ಸ್ವಾಗತಿಸಲು ಬಂದಿದ್ದಾರೆ!"

ಮೂರು ಸಾವಿರ ಜನ ಕೈಬೀಸಿದರು.

"ಭಾವ," ಎಂದಳು ಲಿಯೋಟಾ, ಹಲ್ಲು ಕಚ್ಚಿಕೊಂಡು. "ಇದು ನನ್ನ ರಾತ್ರಿಯಂಗಿ."

"ನನ್ನ ದಿಂಬಿನ ಚೀಲಕ್ಕೂ ಒಂಚೂರು ಪುಣ್ಯ ಬಂತಲ್ಲ."

ಅವಳು ನಗಲಿಲ್ಲ. ರೇಡಿಯೋದಲ್ಲಿ, "ಕ್ಲೈಡ್, ಆ ಬಾಯನ್ನೂ ನಿಲ್ಸು," ಎಂದಳು. ಅದೂ ನಿಂತಿತು.

ಆಮೇಲೆ ಕಾದೆವು. ಅಷ್ಟು ದೊಡ್ಡ ಮೌನವನ್ನು ಆ ಕೊಲ್ಲಿ ಹಡಗುಗಳ ಕಾಲ ಶುರುವಾದ ಮೇ ತಿಂಗಳಿಂದ ಕಂಡಿರಲಿಲ್ಲ. ಮಂಜುಗಡ್ಡೆಯೊಳಗಿನ ಗಾಳಿಗುಳ್ಳೆಗಳು ಒಡೆಯುವ ಚಿಟಿಚಿಟಿ ಕೂಡ ಕೇಳುತ್ತಿತ್ತು. ಮುಕ್ಕಾಲು ಗಂಟೆಯಾಯಿತು. ನೀರಿನ ಮೇಲೆ ಒಂದು ತಲೆ, ಎರಡು ತಲೆ. ಕಡೆಗೆ ದೊಡ್ಡದೊಂದು ಗಂಡು ಸೀಲ್ ನಿಟ್ಟುಸಿರು ಬಿಟ್ಟು ಗಡ್ಡೆಯ ಮೇಲೆ ಹೊರಳಿಕೊಂಡಿತು. ಲಿಯೋಟಾ ಕೋವಿ ಎತ್ತಿದಳು.

ರೇಡಿಯೋ ಕರಕರ ಎಂದಿತು. "ಅತ್ತೆ, ಈಗ ಹೊಡೀಬೇಡಿ, ದಮ್ಮಯ್ಯ. ಎಲ್ಲಾ ದುರ್ಬೀನು ಹಿಡ್ಕೊಂಡು ನಿಂತಿದಾರೆ. ಇದು ತಿಂಡಿ ಟೈಮು."

"ಏನು ತಿಂಡಿ?"

"...ಸಾಸೇಜು, ಹಂದಿಮಾಂಸ, ಮೊಟ್ಟೆ."

"ಅವನ್ನ ಗಿಡದಿಂದ ಕಿತ್ಕೊಂಡು ಬಂದ್ರಾ?"

"ಅತ್ತೆ, ಅದು ಬೇರೆ..."

"ಅವರಿಗೆ ಕಣ್ಣು ಮುಚ್ಕೊಳ್ಳೋಕೆ ಹೇಳು. ನಮ್ಮ ವಿಷಯದಲ್ಲಿ ಅವರಿಗೆ ಚೆನ್ನಾಗಿ ಅಭ್ಯಾಸ ಇದೆ."

ಒಂದೇ ಗುಂಡು. ಸೀಲ್ ಮಲಗಿದ್ದ ಹಾಗೆಯೇ ಮಲಗಿತು. ಬಿಳಿಯ ಗಡ್ಡೆಯ ಮೇಲೆ ಕೆಂಪು ಹರಡಿತು.

ಆಮೇಲೆ ಹನ್ನೆರಡು ಅಂತಸ್ತಿನಿಂದಲೂ ಒಮ್ಮೆಗೇ ಎದ್ದಿತು ಆ ಊಳು. ಕೂಗಿದರು, ಅತ್ತರು, ಛೀಮಾರಿ ಹಾಕಿದರು. ಗಾಳಿ ನಮ್ಮ ಕಡೆಗಿತ್ತು, ಒಬ್ಬ ಹೆಂಗಸಿನ ದನಿ ಸ್ಪಷ್ಟವಾಗಿ ಬಂತು: "ಕೊಲೆಗಾರ್ತಿ!"

ನನ್ನ ತಮಾಷೆಯೆಲ್ಲ ಅಲ್ಲಿಗೆ ಮುಗಿಯಿತು. ಅರವತ್ತೊಂಬತ್ತು ವರ್ಷದ ಸಿಟ್ಟು ಒಟ್ಟಿಗೆ ಗಂಟಲಿಗೆ ಬಂತು. ದಿಂಬಿನ ಚೀಲ ಕಿತ್ತೆಸೆದು ಎದ್ದು ನಿಂತೆ, ಉಸಿರು ಎಳೆದುಕೊಂಡೆ. ಲಿಯೋಟಾ ನನ್ನ ಕೊರಳುಪಟ್ಟಿ ಹಿಡಿದು ಕೆಳಕ್ಕೆ ಎಳೆದಳು.

"ಬಾಯಿ ಮುಚ್ಚು. ಕೇಳಿಸ್ಕೊಳ್ತಾ ಇದೆ."

ಹಿಮನದಿ ಎದುರಿಗೇ ಇತ್ತು, ನೀಲಿಯಾಗಿ, ಸುಮ್ಮನೆ.

ಗಡ್ಡೆಗೆ ದೋಣಿ ತಾಗಿಸಿದೆವು. ಲಿಯೋಟಾ ಮೊಣಕಾಲೂರಿ, ಸೀಲ್‌ನ ತಲೆಯ ಮೇಲೆ ಕೈಯಿಟ್ಟು, ನಮ್ಮ ಹಳೆಯ ಭಾಷೆಯಲ್ಲಿ ಅದಕ್ಕೆ ಋಣಿ ಎಂದಳು. ಯಾರಿಗಾಗಿ ಎಂದು ಎಮರಿಯ ಹೆಸರು ಹೇಳಿದಳು. ಅವಳು ಅಷ್ಟು ಮೃದುವಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಷ್ಟು ಹೊತ್ತೂ ಆ ಊಳು ನಡೆದೇ ಇತ್ತು. ಆಮೇಲೆ ಅವಳು ರೇಡಿಯೋ ಎತ್ತಿಕೊಂಡಳು.

"ಕ್ಲೈಡ್, ಇದನ್ನ ಅವರಿಗೆ ಹೇಳು. ಎರಡು ವರ್ಷದ ಹಿಂದೆ ಜೂನಲ್ಲಿ ನಿಮ್ಮ ಹಡಗಿನ ಕೂಗಿಗೆ ಮರಿಗಳು ತಾಯಿ ತಪ್ಪಿ ಹಸಿದು ಸತ್ತವು. ನಮ್ಮಣ್ಣ ನಲವತ್ತೊಂದು ಎಣಿಸ್ದ. ಆವತ್ತು ಯಾರೂ ಅಳಲಿಲ್ಲ. ರಕ್ತ ಕಾಣಲಿಲ್ವಲ್ಲ, ಅದಕ್ಕೆ. ಫೋಟೋ ಚೆನ್ನಾಗಿ ಬಂದಿತ್ತು. ನಾನು ಒಂದನ್ನ ತಗೊಂಡೆ, ಅದಕ್ಕೆ ಹೇಳಿ ತಗೊಂಡೆ, ಒಂದು ತುಂಡೂ ಬಿಡದೆ ಉಣ್ತೀವಿ. ಹೇಳ್ತೀಯಾ?"

"ಹೇಳೋಕ್ಕಾಗಲ್ಲ ಅತ್ತೆ. ಕೆಲಸ ಹೋಗುತ್ತೆ."

"ಗೊತ್ತು," ಎಂದಳು. "ನೀನಾದ್ರೂ ಕೇಳ್ದೆಯಲ್ಲ." ರೇಡಿಯೋ ಆರಿಸಿದಳು.

ಅವಳ ಮೇಲೆ ದೂರು ಬಂತು. ಕಾನೂನಿನಲ್ಲಿ ಬೇಟೆ ನಮ್ಮ ಹಕ್ಕು, ಹಾಗಾಗಿ ದೂರು ಅಲ್ಲೇ ಸತ್ತಿತು. ಹಡಗಿನ ಜನ ತೆಗೆದ ಚಿತ್ರ ಮಾತ್ರ ಲೋಕವೆಲ್ಲ ತಿರುಗಿತು, ರಾತ್ರಿಯಂಗಿಯ ಸಮೇತ. ಬೈದು ಬಂದ ಕಾಗದಗಳನ್ನು ಲಿಯೋಟಾ ಮೀನಿಗೆ ಹೊಗೆ ಹಾಕಲು ಬಳಸಿದಳು. ಮೀನು ಕಹಿಯಾಯಿತೆಂದು ಅದಕ್ಕೂ ಸಿಟ್ಟಾದಳು.

ಶನಿವಾರ ಬಿರುಗಾಳಿ ಸಭಾಮನೆಯ ಮಾಡು ಕೀಳುತ್ತಿತ್ತು. ಒಳಗೆ ಎಮರಿಯ ಹೆಸರು ಕೂಗಿದರು. ಅವನ ಬಟ್ಟಲನ್ನು ಲಿಯೋಟಾ ತಾನೇ ಹೊತ್ತು ತಂದು ನನ್ನ ಮುಂದಿಟ್ಟಳು. ಬೇಯಿಸಿದ ಸೀಲ್, ಎರಡು ಬೆರಳು ದಪ್ಪದ ಕೊಬ್ಬು. ನಾನು ಉಂಡೆ. ಬಟ್ಟಲು ಖಾಲಿಯಾಗುವ ಮುಂಚೆಯೇ ಮತ್ತೆ ತುಂಬಿದಳು. ಅದನ್ನೂ ಉಂಡೆ. ಹೊಟ್ಟೆ ಡೋಲಾಯಿತು, ಅಂಗಿಯ ಗುಂಡಿಯೊಂದು ಹಾರಿ ಎದುರು ಸಾಲಿನಲ್ಲಿ ಕೂತ ಪಾದ್ರಿಯ ಕನ್ನಡಕಕ್ಕೆ ಬಡಿಯಿತು.

"ಸಾಕು ಕಣೇ, ಸಾಯ್ತೀನಿ," ಎಂದೆ.

"ಸಾಯೋದೇನಿದ್ರೂ ಆಮೇಲೆ. ಹೊಟ್ಟೆ ನಿಂದಲ್ಲ ಇವತ್ತು." ಸೊಂಟಕ್ಕೆ ಕೈಯಿಟ್ಟು ನನ್ನ ತಲೆಯ ಮೇಲೇ ನಿಂತಿದ್ದಳು, ಕಣ್ಣು ಕೆಂಡ. "ಅವನು ವರ್ಷದಿಂದ ಹಸ್ಕೊಂಡಿದಾನೆ, ಭಾವ. ತಿನ್ನು."

ಮೂರನೆಯ ಬಟ್ಟಲು ಎಳೆದುಕೊಂಡೆ.