ಕಂಪ್ಯೂಟರಿಗೊಂದು ಪಾರ್ಟಿಷನ್

ಯಾವ ಆಪರೇಟಿಂಗ್ ಸಿಸ್ಟಮ್ ಒಳ್ಳೆಯದು ಎಂದು ಯಾರಾದರೂ ನನ್ನನ್ನು ಕೇಳಲಿ ಎಂದು ಬಹಳ ದಿನದಿಂದ ಕಾಯುತ್ತಿದ್ದೆ. ಯಾರೂ ಕೇಳಲಿಲ್ಲ. ಆದ್ದರಿಂದ ಕೇಳದೆಯೇ ಹೇಳುತ್ತಿದ್ದೇನೆ. ಕಂಪ್ಯೂಟರಿನೊಳಗೆ ಕೂತು ಅದರ ಸಂಸಾರ ತೂಗಿಸುವುದೇ ಈ ಸಿಸ್ಟಮ್. ಅದು ಸರಿಯಾಗಿದ್ದಾಗ ಇದೆಯೆಂಬುದೇ ಗೊತ್ತಾಗುವುದಿಲ್ಲ. ಕೆಟ್ಟಾಗ ಮನೆಮಂದಿಯೆಲ್ಲ ಅದರ ಸುತ್ತ ನಿಲ್ಲಬೇಕಾಗುತ್ತದೆ.

ಕುಂದಾಣದ ಹತ್ತಿರದ ನಮ್ಮ ಮನೆಯಲ್ಲಿ ಕಂಪ್ಯೂಟರ್ ಒಂದೇ, ಬಳಸುವವರು ಇಬ್ಬರು. ದ್ರಾಕ್ಷಿ ಬೆಳೆಯುವ ಅಣ್ಣನಿಗೆ ವಿಂಡೋಸೇ ಆಗಬೇಕು. ಯಾಕೆಂದರೆ, "ಎಲ್ಲಾರೂ ಅದನ್ನೇ ಇಟ್ಕೊಂಡವ್ರೆ ಕಣೋ, ಕೆಟ್ರೆ ರಿಪೇರಿಯವ್ನು ಸಿಗ್ತಾನೆ" ಎನ್ನುತ್ತಾನೆ. ಟ್ರ್ಯಾಕ್ಟರನ್ನೂ ಅವನು ಆರಿಸಿದ್ದು ಇದೇ ತತ್ವದ ಮೇಲೆ. ನಾನು ವಿಮಾನ ನಿಲ್ದಾಣದಲ್ಲಿ ಸರಕಿನ ಲೆಕ್ಕ ನೋಡುವವನು. ಅಲ್ಲಿ ಊಟದ ಹೊತ್ತಿನಲ್ಲಿ ಜೊತೆಯವನೊಬ್ಬ ಲಿನಕ್ಸ್ ಪುಕ್ಕಟೆ, ವೈರಸ್ಸಿನ ಕಾಟವೂ ಕಡಿಮೆ ಎಂದ. ಮಜ್ಜಿಗೆ ಬರುವಷ್ಟರಲ್ಲಿ ನಾನು ಆ ಪಂಥಕ್ಕೆ ಸೇರಿಬಿಟ್ಟಿದ್ದೆ. ಅಣ್ಣನಿಗೆ ಬೇಕಾದದ್ದು ಪಹಣಿ ನೋಡುವುದು, ನನಗೆ ಬೇಕಾದದ್ದು ಒಂದಿಷ್ಟು ಓದುವುದು. ಇಷ್ಟಕ್ಕೆ ಯಾವುದಾದರೂ ನಡೆಯುತ್ತದೆ. ಆದರೆ ಯಾವುದಾದರೂ ನಡೆಯುವ ವಿಷಯದಲ್ಲೇ ಮನುಷ್ಯ ಹೆಚ್ಚು ಹಟ ಹಿಡಿಯುತ್ತಾನೆ.

ಇಬ್ಬರೂ ಬಿಟ್ಟುಕೊಡದಿದ್ದಾಗ ದೇವನಹಳ್ಳಿಯಿಂದ ರಿಪೇರಿಯ ಮಂಜಣ್ಣನನ್ನು ಕರೆಸಿದೆವು. ಎರಡನ್ನೂ ಇಡಬಹುದು ಎಂದ. ನಮಗೆ ಸಂತೋಷವಾಯಿತು. ಆಮೇಲೆ ಮನೆಗೆಲ್ಲ ಕೇಳುವಂತೆ, "ಪಾರ್ಟಿಷನ್ ಮಾಡ್ಬಿಡಾಣ ಬಿಡಿ. ದೊಡ್ಡೋರಿಗೊಂದು ಭಾಗ, ಚಿಕ್ಕೋರಿಗೊಂದು ಭಾಗ. ಒಬ್ರದ್ದನ್ನ ಇನ್ನೊಬ್ರು ಮುಟ್ಟಂಗಿಲ್ಲ" ಎಂದ.

ನಮ್ಮ ಸೀಮೆಯಲ್ಲಿ ಇಂಗ್ಲಿಷಿನ ಗಂಧವಿಲ್ಲದವರಿಗೂ ಅರ್ಥವಾಗುವ ಇಂಗ್ಲಿಷ್ ಪದಗಳು ಕೆಲವಿವೆ. ವಿಮಾನ ನಿಲ್ದಾಣ ಬಂದಮೇಲೆ ರನ್‌ವೇ, ಲೇಔಟು ಮುಂತಾದವು ಸೇರಿಕೊಂಡವು. ಪಾರ್ಟಿಷನ್ ಮೊದಲೂ ಇತ್ತು, ಆದರೆ ಅಪರೂಪಕ್ಕೆ ಕೇಳುವ ಮಾತಾಗಿತ್ತು. ಜಮೀನಿಗೆ ಬೆಲೆ ಬಂದದ್ದೇ ತಡ, ಬೀದಿ ಬೀದಿಯಲ್ಲೂ ಕೇಳತೊಡಗಿತು. ಅಣ್ಣನಾಗಲಿ ನಾನಾಗಲಿ ಅದನ್ನು ಬಾಯಿಗೆ ತಂದಿರಲಿಲ್ಲ. ಮನಸ್ಸಿಗೂ ತಂದಿರಲಿಲ್ಲವೆಂದು ಮಾತ್ರ ಪ್ರಮಾಣ ಮಾಡಲಾರೆ.

ಅಮ್ಮ ಅಡುಗೆಮನೆಯಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ಬಾಗಿಲಲ್ಲಿ ನಿಂತಳು. ಅವಳ ಮುಖ ನೋಡಿ ಮಂಜಣ್ಣ ಗಾಬರಿಯಾದ.

"ಏನಿಲ್ಲ ಕಣಮ್ಮ, ಒಳಗಡೆ ಮಾತ್ರ ಪಾರ್ಟಿಷನ್ನು. ಹೊರಗಡೆ ನೋಡೋರಿಗೆ ಒಂದೇ."

"ಎಲ್ರ ಮನೇಲೂ ಸುರುವಾಗೋದು ಹಂಗೇ ಕಣಪ್ಪ" ಎಂದಳು ಅಮ್ಮ. ಆಮೇಲೆ ನಮ್ಮಿಬ್ಬರ ಕಡೆ ತಿರುಗಿ, "ನನ್ನ ಯಾರ ಭಾಗಕ್ಕೆ ಹಾಕಿದ್ದೀರಾ?" ಎಂದಳು.

ಇದು ಕಂಪ್ಯೂಟರಿನ ಮಾತು ಎಂದು ಹೇಳಬೇಕಿತ್ತು. ನಾನು ಅಣ್ಣನ ಮುಖ ನೋಡಿದೆ. ಅಣ್ಣ ಎದ್ದುಹೋಗಿ ಕಂಪ್ಯೂಟರಿನ ಸ್ವಿಚ್ ಆರಿಸಿದ.

"ಪಾಲೂ ಇಲ್ಲ, ಏನೂ ಇಲ್ಲ ಕಣಮ್ಮೋ. ಈ ಡಬ್ಬದ ವಿಷ್ಯ. ತಮ್ಮ ಹೇಳಿದ್ದೇ ಒಂದು ಹಾಕ್ಸಾಣ, ಸಾಕು" ಎಂದ.

"ಬ್ಯಾಡ ಕಣಣ್ಣ, ನಿಂದೇ ಇರ್ಲಿ" ಎಂದೆ ನಾನು.

ಮಂಜಣ್ಣ ಕಾಫಿ ಕುಡಿದು, ನೀವು ತೀರ್ಮಾನ ಮಾಡಿ ಫೋನ್ ಮಾಡಿ ಎಂದು ಹೊರಟುಹೋದ. ನಾವಿನ್ನೂ ಮಾಡಿಲ್ಲ. ನಿನ್ನದೇ ಆಗಲಿ ಎಂದು ಅಣ್ಣ, ಇಲ್ಲ ನಿನ್ನದೇ ಎಂದು ನಾನು. ಊಟಕ್ಕೆ ಕೂತಾಗ ಶುರುವಾದ ಜಗಳ ತಿಂದ ಕೈ ಒಣಗುವವರೆಗೂ ನಡೆಯುತ್ತದೆ. ಅಮ್ಮ ಬಿಡಿಸಲು ಬರುವುದಿಲ್ಲ. ಇಬ್ಬರ ತಟ್ಟೆಗೂ ಇನ್ನೊಂದೊಂದು ಮುದ್ದೆ ಹಾಕಿ, ಮುಂದುವರಿಸಿ ಎನ್ನುವಂತೆ ಎದುರಿಗೇ ಕೂರುತ್ತಾಳೆ.