ಸರ್ವಮಂಗಳಮ್ಮನ ಪರೀಕ್ಷೆಗಳು

ಮೂಡಿಗೆರೆಯ ಬಟ್ಟೆ ಅಂಗಡಿಯ ಸರ್ವಮಂಗಳಮ್ಮ ಮೊಮ್ಮಗಳು ಧನ್ಯಾಳನ್ನು ಮಾತಾಡಿಸಿದರೆಂದರೆ ಅದೊಂದು ಪರೀಕ್ಷೆಯೇ. ತೊಂಬತ್ತೆಂಟನೇ ಇಸವಿಯಲ್ಲಿ ಧನ್ಯಾ ಏಳು ತಿಂಗಳಿಗೇ ಹುಟ್ಟಿದಾಗ ಮಂಗಳೂರಿನ ಡಾಕ್ಟರು, "ರಕ್ತದಲ್ಲಿ ಥೈರಾಯ್ಡ್ ಹಾರ್ಮೋನು ಕಡಿಮೆ ಇದೆ. ದಿನ ತುಂಬದ ಮಕ್ಕಳಲ್ಲಿ ಹೀಗಾಗುತ್ತೆ, ಹೆಚ್ಚಾಗಿ ತಾನೇ ಸರಿಹೋಗುತ್ತೆ. ಆದ್ರೂ ಮಿದುಳು ಬೆಳೆಯೋಕೆ ಆ ಹಾರ್ಮೋನು ಬೇಕು, ಅದು ಹೇಗೆ ಬೆಳೀತಿದೆ ಅಂತ ಗಮನಿಸ್ತಾ ಇರಿ" ಎಂದಿದ್ದರು. ಹಾರ್ಮೋನು ಕೆಲವೇ ವಾರಗಳಲ್ಲಿ ಸರಿಹೋಯಿತು. ಅಜ್ಜಿ ಗಮನಿಸುವುದು ಮಾತ್ರ ನಿಲ್ಲಲಿಲ್ಲ. ಬಾಳೂರಿನಿಂದ ಬಾಣಂತಿಯೊಬ್ಬಳು ಅಂಗಡಿಗೆ ಬಂದರೆ, "ನಿಮ್ ಕೂಸಿಗೆ ಕುತ್ತಿಗೆ ನಿಂತಿದ್ಯಾ? ಮುಖ ನೋಡಿ ನಗ್ತದಾ?" ಎಂದು ವಿಚಾರಿಸುತ್ತಾ ಸೀರೆ ತೋರಿಸುವುದನ್ನೇ ಮರೆಯುತ್ತಿದ್ದರು. ಧನ್ಯಾ 'ಅಮ್ಮ' ಅಂದ ದಿನ ಇಡೀ ಬೀದಿಗೆ ಸಕ್ಕರೆ ಹಂಚಿದರು. 'ಅಪ್ಪ' ಅನ್ನಲು ತಡವಾದದ್ದಕ್ಕೆ ರಾತ್ರಿಯೂಟ ಬಿಟ್ಟರು. ಬಸ್ಸು ಹತ್ತಿದರೆ ಕಿಟಕಿಯಾಚೆ ದನ ಎಷ್ಟು, ತಿಂಡಿಗೆ ಕೂತರೆ ದೋಸೆ ಯಾವ ಆಕಾರ, ಎಲ್ಲವೂ ಪ್ರಶ್ನೆಯೇ. "ಮಗೂನ ಬಿಡೇ ಮಾರಾಯ್ತಿ, ಅದು ಚೆನ್ನಾಗೇ ಇದೆ" ಎಂದು ಗಂಡ ಬೈದರೂ ಕೇಳುವವರಲ್ಲ. ಆರು ವರ್ಷದ ಧನ್ಯಾ ಒಂದು ಸಂಜೆ ಕಳೆಯುವ ಲೆಕ್ಕಕ್ಕೆ ತಡವರಿಸಿ, ಅಜ್ಜಿಯ ಮುಖವನ್ನೇ ನೋಡುತ್ತಾ ಕೇಳಿದಳು: "ಅಜ್ಜೀ, ನಂಗೆ ಗೊತ್ತಾಗ್ಲಿಲ್ಲ ಅಂದ್ರೂ ನನ್ನ ಎತ್ಕೊಳ್ತೀಯಲ್ವಾ?" ಈ ಮಗು ಇಷ್ಟು ವರ್ಷವೂ ತನ್ನ ಮುಖದಲ್ಲಿ ಏನನ್ನು ಓದುತ್ತಿತ್ತೆಂದು ಸರ್ವಮಂಗಳಮ್ಮನಿಗೆ ಆಗ ಹೊಳೆಯಿತು. "ಲೆಕ್ಕ ಹಾಳಾಗಿ ಹೋಗ್ಲಿ, ಬಾರೇ ನನ್ನವ್ವ" ಎಂದು ಅಷ್ಟೆತ್ತರದ ಹುಡುಗಿಯನ್ನು ಏದುಸಿರು ಬಿಡುತ್ತಾ ಸೊಂಟಕ್ಕೇರಿಸಿಕೊಂಡರು. ಅವತ್ತು ಅವರು ಮತ್ತೇನನ್ನೂ ಕೇಳಲಿಲ್ಲ.