ರಷ್ಯನ್ ಭಾಷೆಯಲ್ಲಿ ನನಗೊಬ್ಬ ಮಗಳಿದ್ದಳು

ನಮ್ಮತ್ತೆಯ ಮನೆಯಲ್ಲಿ ಯಾವುದನ್ನೂ ಇಲ್ಲ ಅನ್ನುವ ಹಾಗಿಲ್ಲ. ಅಕ್ಕಿ ಡಬ್ಬದ ತಳ ಕಂಡರೆ ‘ಅಕ್ಕಿ ತುಂಬಿದೆ’ ಅನ್ನಬೇಕು. ಬಳೆ ಒಡೆದರೆ ‘ಹೆಚ್ಚಿತು’ ಅನ್ನಬೇಕು. ಹೊಸಿಲು ದಾಟುವಾಗ ‘ಹೋಗ್ತೀನಿ’ ಅಂದುಬಿಟ್ಟರೆ ವಾಪಸ್ಸು ಕರೆದು ‘ಬರ್ತೀನಿ’ ಅನ್ನಿಸಿ ಕಳಿಸುತ್ತಾರೆ. ಬಾಯಿ ತಪ್ಪಿ ಅಪಶಕುನದ ಮಾತು ಬಂತೋ, ತಕ್ಷಣ ‘ಬಿಡ್ತು ಅನ್ನು’ ಎಂಬ ಅಪ್ಪಣೆ. ‘ಬಿಡ್ತು’ ಅಂದರೆ ಆಡಿದ ಮಾತು ಆಡದ ಹಾಗೆ. ಮಹಾಲಕ್ಷ್ಮಿ ಲೇಔಟಿನ ಆ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ ನನಗಿದು ತಮಾಷೆಯಾಗಿತ್ತು. ಮಗಳು ಹೋದಮೇಲೆ ತಮಾಷೆ ಉಳಿಯಲಿಲ್ಲ.

ಅವಳು ನಾಮಕರಣದವರೆಗೂ ಉಳಿಯಲಿಲ್ಲ. ತವರಿನಲ್ಲಿ ನನಗೆ ಅಮ್ಮ ಇಲ್ಲವಾದ್ದರಿಂದ ಬಾಣಂತನ ಮಾಡಿದವರು ಅತ್ತೆಯೇ. ಬಚ್ಚಲಲ್ಲಿ ಕಾಲು ಚಾಚಿ ಕೂತು, ಮೊಣಕಾಲ ಮೇಲೆ ಮಗುವನ್ನು ಮಲಗಿಸಿಕೊಂಡು ನೀರೆರೆದವರೂ ಅವರೇ. ಒಂದು ಬೆಳಗ್ಗೆ ನೀರು ಕಾದಿತ್ತು, ಎರೆಸಿಕೊಳ್ಳಲು ಅವಳಿರಲಿಲ್ಲ. ಅಂದಿನಿಂದ ಮನೆಯಲ್ಲಿ ಆ ಮಾತೇ ಇಲ್ಲ. ತೊಟ್ಟಿಲು ಯಾರದೋ ಮನೆಗೆ ಹೋಯಿತು. ಗಂಡನ ಬಳಿ ಎತ್ತಿದರೆ ‘ಈಗ್ಯಾಕದು’ ಎಂದು ಎದ್ದು ಹೋಗುತ್ತಾರೆ. ಬಂದವರು ‘ಮಕ್ಕಳೆಷ್ಟು?’ ಎಂದರೆ ನಾನು ಬಾಯಿ ತೆರೆಯುವ ಮೊದಲೇ ಅತ್ತೆ, ‘ದೇವರು ಇನ್ನೂ ಕಣ್ಬಿಡ್ಬೇಕು’ ಅನ್ನುತ್ತಾರೆ. ಬಿಟ್ಟಿದ್ದನಲ್ಲ, ಮುಚ್ಚಿಕೊಂಡದ್ದು ಆಮೇಲೆ ತಾನೇ ಎಂದು ನಾನು ಒಳಗೇ ಕುದಿಯುತ್ತಿದ್ದೆ. ನನಗೆ ಬೇಕಿದ್ದದ್ದು ಇಷ್ಟೇ: ಒಬ್ಬರ ಮುಂದಾದರೂ ಬಾಯಿಬಿಟ್ಟು, ಅವಳು ಇದ್ದಳು ಅನ್ನಬೇಕು.

ರಷ್ಯನ್ ಕಲಿಯಲು ಹೋದದ್ದು ಇದಕ್ಕಲ್ಲ. ನಾಯಂಡಹಳ್ಳಿಯಲ್ಲಿ ನಾನು ಕೆಲಸ ಮಾಡುವ ವರ್ಕ್‌ಶಾಪಿಗೆ ಆ ದೇಶದಿಂದ ಆರ್ಡರ್ ಬರತೊಡಗಿತ್ತು. ‘ನಾಕ್ ಮಾತು ಕಲ್ತ್ಕೊಳಮ್ಮ, ಅವ್ರ ಫೋನ್ ಬಂದ್ರೆ ನಂಗೆ ಬೆವರು ಕಿತ್ಕೊಳತ್ತೆ’ ಎಂದು ಓನರೇ ಆರ್‌ಪಿಸಿ ಲೇಔಟಿನ ಭಾನುವಾರದ ಕ್ಲಾಸಿಗೆ ಸೇರಿಸಿದರು. ಮೇಷ್ಟ್ರು ರಷ್ಯಾದಲ್ಲೇ ಓದಿ ಬಂದ ನಿವೃತ್ತ ಎಂಜಿನಿಯರ್. ಉಳಿದವರೆಲ್ಲ ಡಾಕ್ಟರಿಕೆ ಓದಲು ಅಲ್ಲಿಗೆ ಹೊರಟ ಹುಡುಗರು. ‘ಬನ್ನಿ ಆಂಟಿ’ ಎಂದು ನನಗೆ ಮುಂದಿನ ಬೆಂಚು ಬಿಟ್ಟುಕೊಟ್ಟಿದ್ದರು.

ಆ ಭಾನುವಾರದ ಪಾಠ, ಹಿಂದೆ ನಮ್ಮಲ್ಲಿ ಏನಿತ್ತು, ಏನಿರಲಿಲ್ಲ ಎಂದು ಹೇಳುವುದು. ‘ಇಂಗ್ಲಿಷ್ ಮರ್ತ್‌ಬಿಡಿ, ಕನ್ನಡದಲ್ಲಿ ಯೋಚ್ನೆ ಮಾಡಿ,’ ಎಂದರು ಮೇಷ್ಟ್ರು. ‘ನಮ್ ಥರಾನೇ. ನನ್ ಹತ್ರ ಇದ್ದ, ಇದ್ಳು, ಇತ್ತು. ಇಲ್ದೇ ಇದ್ರೆ ಮಾತ್ರ ಗಂಡು ಹೆಣ್ಣು ಅಂತೇನಿಲ್ಲ, ಎಲ್ಲಕ್ಕೂ ಒಂದೇ: ಇರ್ಲಿಲ್ಲ.’ ಹುಡುಗರು ಒಬ್ಬೊಬ್ಬರಾಗಿ ಹೇಳಿದರು. ಒಬ್ಬನ ಹತ್ತಿರ ಸೈಕಲ್ ಇತ್ತು, ಒಬ್ಬನ ಹತ್ತಿರ ನಾಯಿ ಇತ್ತು, ಇನ್ನೊಬ್ಬನಿಗೆ ಗರ್ಲ್‌ಫ್ರೆಂಡ್ ಇರಲಿಲ್ಲ. ಎಲ್ಲರೂ ನಕ್ಕರು, ನಾನೂ ನಕ್ಕೆ. ನನ್ನ ಸರದಿ ಬಂತು.

‘ಉ ಮೆನ್ಯಾ ಬಿಲಾ ದೋಚ್,’ ಅಂದೆ. ನನಗೊಬ್ಬ ಮಗಳಿದ್ದಳು.

ಎಷ್ಟು ಸಲೀಸಾಗಿ ಬಂತು! ಯಾರೂ ತಡೆಯಲಿಲ್ಲ. ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿದರು. ಈಗ ಕೇಳುತ್ತಾರೆ, ಹೆಸರೇನು ಅಂದರೆ ಏನು ಹೇಳಲಿ ಎಂದುಕೊಂಡೆ.

‘ಕರೆಕ್ಟ್. ಉಚ್ಚಾರಣೆ ಚೆನ್ನಾಗಿದೆ. ನೆಕ್ಸ್ಟ್,’ ಎಂದರು.

ಅವರ ತಪ್ಪೇನೂ ಇಲ್ಲ. ಸೈಕಲ್ಲು, ನಾಯಿಯ ಸಾಲಿನಲ್ಲಿ ಅವಳೂ ಒಂದು ಉದಾಹರಣೆಯಾದಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅಳುತ್ತಲೇ ಬಂದೆ.

ಮನೆಗೆ ಬಂದಾಗ ಅತ್ತೆ ಹಾಲ್‌ನಲ್ಲಿ ಕಾಲು ಚಾಚಿ ಕೂತು ಸೊಪ್ಪು ಬಿಡಿಸುತ್ತಿದ್ದರು. ‘ಇವತ್ತೇನ್ ಹೇಳ್ಕೊಟ್ರೇ?’ ಎಂದು ಕೇಳಿದರು.

‘ನಂಗೊಬ್ಬಳು ಮಗಳಿದ್ಳು,’ ಅಂದೆ, ಕನ್ನಡದಲ್ಲೇ.

ಸೊಪ್ಪು ಬಿಡಿಸುವ ಕೈ ನಿಂತಿತು. ಸೆರಗಿನಿಂದ ಮೊಣಕಾಲನ್ನು ಒರೆಸಿಕೊಂಡರು. ಅಲ್ಲಿ ಒದ್ದೆಯೇನೂ ಇರಲಿಲ್ಲ. ಇವರೂ ಮರೆತಿಲ್ಲ, ಪಾಪ, ಅನ್ನಿಸಿ ಪಕ್ಕದಲ್ಲಿ ಕೂರಲು ಬಗ್ಗಿದೆ.

‘ಬಿಡ್ತು ಅನ್ನು,’ ಎಂದರು.

ಬಗ್ಗಿದವಳು ನೆಟ್ಟಗಾದೆ.

‘ಬಿಡ್ತು ಅನ್ನೇ. ಮುಂದಾಗೋ ಮಗೂಗೆ ಒಳ್ಳೇದಲ್ಲ.’ ಧ್ವನಿಯಲ್ಲಿ ಕೋಪವಿರಲಿಲ್ಲ, ಬೇಡಿಕೊಳ್ಳುತ್ತಿದ್ದರು.

‘ಬಿಡ್ತು,’ ಅಂದೆ.